ಧ್ಯಾನ್‌ಚಂದ್: ಬೆಳದಿಂಗಳಲ್ಲಿ ಕಲಿತ ಆಟ

ಹಾಕಿ ಗೇಮ್‌ನಲ್ಲಿ ನಾವು ಸ್ಕಿಲ್ ಪಾಯಿಂಟ್ ಕೊಟ್ಟು ಒಬ್ಬ ಪ್ಲೇಯರ್‌ನ ಐದೇ ನಿಮಿಷದಲ್ಲಿ ಸ್ಟಾರ್ ಮಾಡ್ತೀವಿ. ಧ್ಯಾನ್‌ಚಂದ್‌ಗೆ ಆ ಶಾರ್ಟ್‌ಕಟ್ ಇರಲಿಲ್ಲ. 1905ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದ ಅವರು ಆಟಕ್ಕೆ ಸರಿಯಾಗಿ ಇಳಿದದ್ದೇ 1922ರಲ್ಲಿ ಸೇನೆ ಸೇರಿದ ಮೇಲೆ. ಡ್ಯೂಟಿ ಮುಗಿಸಿ ಬೆಳದಿಂಗಳಲ್ಲಿ ಪ್ರಾಕ್ಟೀಸ್ ಮಾಡ್ತಿದ್ದರು, ಅದಕ್ಕೇ ಹೆಸರಿಗೆ ಚಂದ್ ಸೇರಿತು ಅಂತಾರೆ.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 14 ಗೋಲು, ಚಿನ್ನ. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಚಿನ್ನ. 1936ರಲ್ಲಿ ಬರ್ಲಿನ್‌ನಲ್ಲಿ ಅವರೇ ಕ್ಯಾಪ್ಟನ್. ಅಭ್ಯಾಸ ಪಂದ್ಯದಲ್ಲಿ ನಮ್ಮನ್ನ ಸೋಲಿಸಿದ್ದ ಜರ್ಮನಿಗೆ ಫೈನಲ್‌ನಲ್ಲಿ 8-1ರ ಉತ್ತರ ಕೊಟ್ಟರು.

1956ರಲ್ಲಿ ಪದ್ಮಭೂಷಣ ಬಂತು. ಆದರೆ ಕೊನೆಗಾಲದಲ್ಲಿ ಕೈಯಲ್ಲಿ ದುಡ್ಡಿರಲಿಲ್ಲ. 1979ರ ಡಿಸೆಂಬರ್ 3ರಂದು ದೆಹಲಿಯ ಏಮ್ಸ್‌ನ ಜನರಲ್ ವಾರ್ಡ್‌ನಲ್ಲಿ ತೀರಿಕೊಂಡರು.

ಅವರ ಹುಟ್ಟುಹಬ್ಬ ಆಗಸ್ಟ್ 29 ಈಗ ರಾಷ್ಟ್ರೀಯ ಕ್ರೀಡಾ ದಿನ. ಆವತ್ತು ನಾವು ಸ್ಟೇಟಸ್ ಹಾಕೋಣ, ಜೊತೆಗೆ ಬದುಕಿರೋ ಹಳೇ ಆಟಗಾರರನ್ನೂ ವಿಚಾರಿಸೋಣ.