ತರಗತಿಯಲ್ಲಿ ಎದ್ದ ಪ್ರಶ್ನೆ: ಫ್ರಾನ್ಸಿಸ್ಕೊ ದೆ ವಿತೋರಿಯ ಮತ್ತು ವಸಾಹತು ಹಿಂಸೆಯ ಹೊಣೆ

ವಸಾಹತುಶಾಹಿಯ ಚರಿತ್ರೆಯನ್ನು ನಿರೂಪಿಸುವಾಗ ಹಡಗು, ಬಂದೂಕು, ವ್ಯಾಪಾರ, ಧರ್ಮಪ್ರಸಾರಗಳಿಗೆ ದೊರೆಯುವ ಗಮನ ವಿಶ್ವವಿದ್ಯಾಲಯದ ತರಗತಿಗೆ ದೊರೆಯುವುದಿಲ್ಲ. ಆದರೆ ಪ್ರಭುತ್ವದ ಹಿಂಸೆಗೆ ಸಮರ್ಥನೆಗಳು ರೂಪುಗೊಂಡ ಮತ್ತು ಅಂಥ ಸಮರ್ಥನೆಗಳು ಪ್ರಶ್ನೆಗೊಳಗಾದ ಸ್ಥಳಗಳಲ್ಲಿ ತರಗತಿಯೂ ಒಂದು. 1539ರ ಜನವರಿಯಲ್ಲಿ ಸ್ಪೇನಿನ ಸಾಲಮಾಂಕ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಫ್ರಾನ್ಸಿಸ್ಕೊ ದೆ ವಿತೋರಿಯ ನೀಡಿದ ಉಪನ್ಯಾಸ ಈ ದೃಷ್ಟಿಯಿಂದ ಮಹತ್ವದ್ದು. ಅಮೆರಿಕದ ಮೂಲನಿವಾಸಿಗಳ ಮೇಲೆ ಸ್ಪೇನಿನ ದೊರೆ ಯಾವ ಹಕ್ಕಿನಿಂದ ಆಳ್ವಿಕೆ ನಡೆಸುತ್ತಿದ್ದಾನೆ ಎಂಬುದೇ ಅಂದಿನ ವಿಷಯವಾಗಿತ್ತು.

ವಿತೋರಿಯನ ಜನ್ಮವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1483 ಎಂದು ಕೆಲವರೂ 1492 ಎಂದು ಕೆಲವರೂ ವಾದಿಸಿದ್ದಾರೆ. ಬುರ್ಗೋಸ್ ನಗರದಲ್ಲಿ ಡೊಮಿನಿಕನ್ ಸಂನ್ಯಾಸಿ ಪಂಥವನ್ನು ಸೇರಿದ ಅವನು ಮುಂದೆ ಪ್ಯಾರಿಸ್‌ಗೆ ಹೋಗಿ ಅಲ್ಲಿಯೇ ಹಲವು ವರ್ಷ ಓದಿದನು, ಪಾಠವನ್ನೂ ಹೇಳಿದನು. 1522ರಲ್ಲಿ ದೇವತಾಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದು ಮರುವರ್ಷ ಸ್ಪೇನಿಗೆ ಮರಳಿ ವಯಾದೊಲಿದ್ ನಗರದ ಸಾನ್ ಗ್ರೆಗೋರಿಯೊ ಕಾಲೇಜಿನಲ್ಲಿ ಅಧ್ಯಾಪಕನಾದನು. 1526ರಲ್ಲಿ ಸಾಲಮಾಂಕದ ದೇವತಾಶಾಸ್ತ್ರದ ಪ್ರಧಾನ ಪೀಠ ತೆರವಾದಾಗ ಸ್ಪರ್ಧಿಸಿ ಆಯ್ಕೆಯಾದನು. ಅಂದಿನ ಪದ್ಧತಿಯಂತೆ ಈ ಆಯ್ಕೆ ವಿದ್ಯಾರ್ಥಿಗಳ ಮತದಿಂದ ನಡೆಯುತ್ತಿತ್ತು. ಸಾಯುವವರೆಗೂ, ಅಂದರೆ ಇಪ್ಪತ್ತು ವರ್ಷಗಳ ಕಾಲ, ಅವನು ಆ ಪೀಠದಲ್ಲಿದ್ದನು.

ಬೋಧನೆಯ ಕ್ರಮದಲ್ಲಿ ಅವನು ಎರಡು ಬದಲಾವಣೆಗಳನ್ನು ತಂದನು. ಪೀಟರ್ ಲೊಂಬಾರ್ಡನ ಪಠ್ಯದ ಜಾಗದಲ್ಲಿ ಥಾಮಸ್ ಅಕ್ವಿನಾಸನ ಕೃತಿಯನ್ನು ಪಾಠಕ್ಕೆ ಇಟ್ಟುದು ಮೊದಲನೆಯದು. ವಿದ್ಯಾರ್ಥಿಗಳು ಬರೆದುಕೊಳ್ಳಲು ಅನುವಾಗುವಂತೆ ಪಾಠವನ್ನು ಬಾಯಿಬಿಟ್ಟು ಹೇಳಿ ಬರೆಯಿಸಿದ್ದು ಎರಡನೆಯದು. ತನ್ನ ಉಪನ್ಯಾಸಗಳನ್ನು ಅವನು ಸ್ವತಃ ಪ್ರಕಟಿಸಲಿಲ್ಲ. ಆದುದರಿಂದ ಇಂದು ಲಭ್ಯವಿರುವ ವಿತೋರಿಯ ಬಹುಮಟ್ಟಿಗೆ ಕೈಬರಹದ ಟಿಪ್ಪಣಿಗಳ ಮೂಲಕ ಉಳಿದುಬಂದವನು.

ಅವನ ಅಧ್ಯಾಪನದ ಕಾಲ ಸ್ಪೇನಿನ ಅಮೆರಿಕನ್ ಆಕ್ರಮಣಗಳ ಕಾಲವೂ ಹೌದು. 1493ರಲ್ಲಿ ಪೋಪ್ ಆರನೆಯ ಅಲೆಕ್ಸಾಂಡರ್ ಹೊರಡಿಸಿದ ಶಾಸನವನ್ನು ಸ್ಪೇನಿನ ಪ್ರಭುತ್ವ ತನ್ನ ಹಕ್ಕುಪತ್ರವೆಂದು ಭಾವಿಸಿತ್ತು. 1511ರಲ್ಲಿ ಹಿಸ್ಪಾನಿಯೋಲ ದ್ವೀಪದಲ್ಲಿ ಆಂತೋನಿಯೊ ದೆ ಮಾಂತೆಸಿನೋಸ್ ಎಂಬ ಡೊಮಿನಿಕನ್ ಸಂನ್ಯಾಸಿ ವಸಾಹತುಗಾರರ ಕ್ರೌರ್ಯವನ್ನು ಧರ್ಮಪೀಠದಿಂದಲೇ ಖಂಡಿಸಿದ್ದನು. 1513ರ ನಂತರ ಆಕ್ರಮಣಕ್ಕೆ ಮುನ್ನ ಮೂಲನಿವಾಸಿಗಳೆದುರು ಶರಣಾಗತಿಯ ಆಜ್ಞಾಪತ್ರವೊಂದನ್ನು ಅವರಿಗೆ ತಿಳಿಯದ ಭಾಷೆಯಲ್ಲಿ ಓದುವ ಕ್ರಮ ಬಂದಿತು. ಅದನ್ನು ಒಪ್ಪದಿದ್ದರೆ ಮುಂದಿನ ಸಾವುನೋವುಗಳಿಗೆ ಅವರೇ ಹೊಣೆಯೆಂದು ಆ ಪತ್ರ ಸಾರುತ್ತಿತ್ತು. ಹಿಂಸೆಯ ಹೊಣೆಯನ್ನು ಹಿಂಸೆಗೊಳಗಾದವರ ಮೇಲೆಯೇ ಹೊರಿಸುವ ಈ ತಂತ್ರ ಶಾಸನದ ಭಾಷೆಯಲ್ಲಿಯೇ ಅಡಕವಾಗಿತ್ತು ಎಂಬುದು ಗಮನಾರ್ಹ.

1532ರಲ್ಲಿ ಪೆರುವಿನ ಕಾಹಮಾರ್ಕದಲ್ಲಿ ನಡೆದ ಹತ್ಯಾಕಾಂಡ ಮತ್ತು ಮರುವರ್ಷ ಇಂಕಾ ದೊರೆ ಅತಾಹುವಾಲ್ಪನಿಗೆ ವಿಧಿಸಿದ ಮರಣದಂಡನೆಯ ಸುದ್ದಿ ವಿತೋರಿಯನನ್ನು ತೀವ್ರವಾಗಿ ಕಲಕಿತು. 1534ರಲ್ಲಿ ತನ್ನ ಪಂಥದ ಮಿಗೆಲ್ ದೆ ಆರ್ಕೋಸ್‌ನಿಗೆ ಬರೆದ ಪತ್ರದಲ್ಲಿ, ಅತಾಹುವಾಲ್ಪನಾಗಲಿ ಅವನ ಜನರಾಗಲಿ ಸ್ಪೇನಿನವರಿಗೆ ಯಾವ ಅಪಕಾರವನ್ನೂ ಮಾಡಿರಲಿಲ್ಲವೆಂದು ಅವನು ನಿಸ್ಸಂದಿಗ್ಧವಾಗಿ ತಿಳಿಸುತ್ತಾನೆ. ಪೆರುವಿನಿಂದ ಸಂಪತ್ತನ್ನು ತಂದು ಪಾಪವಿಮೋಚನೆಗಾಗಿ ಸಲಹೆ ಕೇಳುವವರಿಂದ ತಾನು ತಪ್ಪಿಸಿಕೊಳ್ಳುತ್ತಿರುವುದನ್ನೂ, ಖಂಡಿಸಿದರೆ ಪೋಪನನ್ನೋ ಚಕ್ರವರ್ತಿಯನ್ನೋ ಪ್ರಶ್ನಿಸಿದ ಆರೋಪ ಬರುವುದನ್ನೂ ಅದೇ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ಖಾಸಗಿ ಪತ್ರದ ಈ ಅಳುಕಿನಿಂದ ಸಾರ್ವಜನಿಕ ಉಪನ್ಯಾಸಕ್ಕೆ ಬರಲು ಅವನಿಗೆ ನಾಲ್ಕು ವರ್ಷಗಳಿಗೂ ಮಿಕ್ಕಿ ಬೇಕಾಯಿತು.

'ದೆ ಇಂಡಿಸ್' ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಉಪನ್ಯಾಸ ಮೂರು ಭಾಗಗಳಲ್ಲಿದೆ. ಸ್ಪೇನಿನವರು ಬರುವ ಮೊದಲು ಮೂಲನಿವಾಸಿಗಳು ತಮ್ಮ ನೆಲದ ನಿಜವಾದ ಒಡೆಯರಾಗಿದ್ದರೆಂದು ಮೊದಲನೆಯ ಭಾಗ ಸ್ಥಾಪಿಸುತ್ತದೆ. ಪಾಪವಾಗಲಿ ಅನ್ಯಧರ್ಮವಾಗಲಿ ಒಡೆತನವನ್ನು ಕಸಿಯಲು ಕಾರಣವಾಗಲಾರದು. ನಗರ, ವಿವಾಹ, ಕಾನೂನು, ಅಧಿಕಾರಿಗಳನ್ನು ಹೊಂದಿರುವ ಜನರನ್ನು ವಿವೇಚನೆಯಿಲ್ಲದವರೆನ್ನುವುದು ಸಲ್ಲದು ಎಂಬುದು ಅಲ್ಲಿಯ ವಾದ. ಎರಡನೆಯ ಭಾಗ ಪ್ರಚಲಿತವಿದ್ದ ಏಳು ಸಮರ್ಥನೆಗಳನ್ನು ತಳ್ಳಿಹಾಕುತ್ತದೆ. ಚಕ್ರವರ್ತಿ ಇಡೀ ಜಗತ್ತಿನ ಒಡೆಯನಲ್ಲ. ಪೋಪನಿಗೆ ಅನ್ಯಧರ್ಮೀಯರ ಮೇಲೆ ಲೌಕಿಕ ಅಧಿಕಾರವಿಲ್ಲ. ಒಡೆಯರಿರುವ ನೆಲವನ್ನು ಕಂಡುಹಿಡಿದ ಮಾತ್ರಕ್ಕೆ ಅದು ಸ್ವಂತವಾಗದು.

ಆದರೆ ಮೂರನೆಯ ಭಾಗದಲ್ಲಿ ವಾದದ ದಿಕ್ಕು ಬದಲಾಗುತ್ತದೆ. ಸಂಚಾರ ಮತ್ತು ವ್ಯಾಪಾರ ಎಲ್ಲ ಮನುಷ್ಯರಿಗೂ ಇರುವ ಸಹಜ ಹಕ್ಕು. ಮೂಲನಿವಾಸಿಗಳು ಅದನ್ನು ಬಲದಿಂದ ತಡೆದರೆ ಸ್ಪೇನಿನವರು ಯುದ್ಧ ಹೂಡಬಹುದು. ಧರ್ಮಬೋಧನೆಗೆ ಅಡ್ಡಿಯಾದರೆ, ನರಬಲಿಯಂಥ ಆಚರಣೆಗಳಿಂದ ನಿರಪರಾಧಿಗಳನ್ನು ರಕ್ಷಿಸಬೇಕಾದರೆ, ಆಗಲೂ ಬಲಪ್ರಯೋಗ ನ್ಯಾಯಸಮ್ಮತವಾಗಬಲ್ಲದು. ಮೂಲನಿವಾಸಿಗಳಿಗೆ ಸ್ವಯಮಾಡಳಿತದ ಸಾಮರ್ಥ್ಯವಿಲ್ಲವೆಂಬ ಕಾರಣವನ್ನೂ ಅವನು ಪೂರ್ತಿ ತಿರಸ್ಕರಿಸದೆ ಸಂದೇಹದ ನೆಲೆಯಲ್ಲಿ ಉಳಿಸಿಕೊಳ್ಳುತ್ತಾನೆ. ಎರಡನೆಯ ಭಾಗದಲ್ಲಿ ಮುಚ್ಚಿದ ಬಾಗಿಲು ಹೀಗೆ ಮೂರನೆಯ ಭಾಗದಲ್ಲಿ ಅರ್ಧ ತೆರೆದುಕೊಳ್ಳುತ್ತದೆ. ಅಮೆರಿಕವನ್ನು ಎಂದೂ ನೋಡದ ಈ ಅಧ್ಯಾಪಕನ ತರಗತಿಯಲ್ಲಿ ಚರ್ಚೆಗೊಳಗಾದ ಜನ ಕೇವಲ ವಿಷಯವಾಗಿದ್ದರು, ಅವರು ವಾದಿಗಳಾಗಿರಲಿಲ್ಲ.

ಅದೇ ವರ್ಷದ ಜೂನ್‌ನಲ್ಲಿ ಯುದ್ಧನ್ಯಾಯವನ್ನು ಕುರಿತು ನೀಡಿದ ಮತ್ತೊಂದು ಉಪನ್ಯಾಸದಲ್ಲಿ ವಿತೋರಿಯ ಹೊಣೆಗಾರಿಕೆಯನ್ನು ಇನ್ನಷ್ಟು ಸ್ಪಷ್ಟವಾಗಿ ಹಂಚುತ್ತಾನೆ. ಯುದ್ಧ ಅನ್ಯಾಯವೆಂದು ಮನಗಂಡ ಪ್ರಜೆ ದೊರೆಯ ಆಜ್ಞೆಯಿದ್ದರೂ ಹೋರಾಡಬಾರದು. ದೊರೆಯ ಸಲಹೆಗಾರರು ಯುದ್ಧದ ಕಾರಣವನ್ನು ಪರೀಕ್ಷಿಸಲೇಬೇಕು. ಪರೀಕ್ಷಿಸದೆ ಸುಮ್ಮನಿದ್ದರೆ ಅವರೂ ತಪ್ಪಿತಸ್ಥರು. ಸಾಮಾನ್ಯ ಸೈನಿಕನಿಗೆ ಮಾತ್ರ ಆ ಮಟ್ಟಿನ ವಿಚಾರಣೆಯ ಹೊಣೆಯಿಲ್ಲ. ಅಧಿಕಾರಕ್ಕೆ ಹತ್ತಿರವಾದಷ್ಟೂ ಹೊಣೆ ಹೆಚ್ಚುತ್ತದೆ ಎಂಬ ತತ್ವ ಇಲ್ಲಿದೆ.

ಪ್ರಭುತ್ವ ಇದನ್ನು ಸಹಿಸಲಿಲ್ಲ. 1539ರ ನವೆಂಬರ್ 10ರಂದು ಐದನೆಯ ಚಾರ್ಲ್ಸ್ ಚಕ್ರವರ್ತಿ ಸಾಲಮಾಂಕದ ಸಾನ್ ಎಸ್ತೆಬಾನ್ ಮಠದ ಮುಖ್ಯಸ್ಥನಿಗೆ ಪತ್ರ ಬರೆದು, ಈ ವಿಷಯದ ಚರ್ಚೆಯನ್ನು ನಿಲ್ಲಿಸಬೇಕೆಂದೂ ಬರಹಗಳನ್ನು ಸಂಗ್ರಹಿಸಿ ಒಪ್ಪಿಸಬೇಕೆಂದೂ ಆಜ್ಞಾಪಿಸಿದನು. ಪತ್ರದಲ್ಲಿ ವಿತೋರಿಯನ ಹೆಸರಿರಲಿಲ್ಲವಾದರೂ ಗುರಿ ಯಾರೆಂಬುದು ಸ್ಪಷ್ಟವಿತ್ತು. ವಿತೋರಿಯ ಬಹಿರಂಗವಾಗಿ ಪ್ರತಿಭಟಿಸಲಿಲ್ಲ. ಚಕ್ರವರ್ತಿಯೂ ಅವನನ್ನು ಶಿಕ್ಷಿಸಲಿಲ್ಲ; 1541ರಲ್ಲಿ ಮೂಲನಿವಾಸಿಗಳ ದೀಕ್ಷಾಸ್ನಾನದ ಬಗ್ಗೆ ಸಾಲಮಾಂಕದ ವಿದ್ವಾಂಸರ ಅಭಿಪ್ರಾಯ ಕೇಳಿದಾಗ ಅವರಲ್ಲಿ ವಿತೋರಿಯನೂ ಇದ್ದನು. ಕೊನೆಯ ವರ್ಷಗಳಲ್ಲಿ ಕೀಲುಬೇನೆಯಿಂದ ನಡೆಯಲಾರದಾದ ಅವನನ್ನು ಹೊತ್ತು ತರಗತಿಗೆ ಕರೆತರಬೇಕಾಗುತ್ತಿತ್ತು. ಟ್ರೆಂಟ್ ಧರ್ಮಸಭೆಗೆ ಬಂದ ಆಹ್ವಾನವನ್ನೂ ಅನಾರೋಗ್ಯದಿಂದ ಒಪ್ಪಿಕೊಳ್ಳಲಾಗಲಿಲ್ಲ. 1546ರ ಆಗಸ್ಟ್ 12ರಂದು ತೀರಿಕೊಂಡನು.

ತರಗತಿಯ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 1550-51ರಲ್ಲಿ ಅವನು ಹಿಂದೆ ಪಾಠ ಹೇಳಿದ್ದ ಸಾನ್ ಗ್ರೆಗೋರಿಯೊ ಕಾಲೇಜಿನಲ್ಲಿಯೇ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮತ್ತು ಹುವಾನ್ ಹಿನೆಸ್ ದೆ ಸೆಪೂಲ್ವೆದರ ನಡುವೆ ಪ್ರಸಿದ್ಧ ವಾದ ನಡೆಯಿತು. ತೀರ್ಪುಗಾರರ ಸಾಲಿನಲ್ಲಿ ಅವನ ಸಹೋದ್ಯೋಗಿಯಾಗಿದ್ದ ದೊಮಿಂಗೊ ದೆ ಸೋತೊ, ಶಿಷ್ಯನಾಗಿದ್ದ ಮೆಲ್ಚೋರ್ ಕಾನೊ ಇದ್ದರು. ಸ್ಪಷ್ಟ ತೀರ್ಪು ಮಾತ್ರ ಹೊರಬೀಳಲಿಲ್ಲ. 1557ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿತೋರಿಯನ ಉಪನ್ಯಾಸಗಳು ಅಚ್ಚಾದವು. ಚಕ್ರವರ್ತಿ ಹಿಂಪಡೆಯಲು ಬಯಸಿದ್ದ ಬರಹ ಹೀಗೆ ಯುರೋಪಿನ ಓದಿಗೆ ಸಿಕ್ಕಿತು.

ಆ ಓದು ಏಕಮುಖವಾಗಿರಲಿಲ್ಲ. 1609ರಲ್ಲಿ ಹ್ಯೂಗೊ ಗ್ರೋಶಿಯಸ್ ಪೂರ್ವದ ಸಮುದ್ರಗಳಲ್ಲಿ ಪೋರ್ಚುಗೀಸರ ಏಕಸ್ವಾಮ್ಯವನ್ನು ಅಲ್ಲಗಳೆಯಲು ವಿತೋರಿಯನನ್ನೇ ಆಧರಿಸಿದನು. ಅದರ ಲಾಭ ದೊರೆತದ್ದು ಭಾರತದ ಕಡಲಿಗೆ ಬಂದ ಡಚ್ ವ್ಯಾಪಾರಿಗಳಿಗೆ. ಇಪ್ಪತ್ತನೆಯ ಶತಮಾನದಲ್ಲಿ ಜೇಮ್ಸ್ ಬ್ರೌನ್ ಸ್ಕಾಟ್ ಅವನನ್ನು ಅಂತರರಾಷ್ಟ್ರೀಯ ಕಾನೂನಿನ ಸ್ಥಾಪಕನೆಂದು ಕೊಂಡಾಡಿದರು. ಜಿನೀವಾದ ರಾಷ್ಟ್ರಗಳ ಅರಮನೆಯ ಸಭಾಂಗಣವೊಂದಕ್ಕೆ ಅವನ ಹೆಸರಿದೆ. 2005ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆಂಟನಿ ಆಂಘಿ ಇದಕ್ಕೆ ವಿರುದ್ಧವಾಗಿ, ಮೂಲನಿವಾಸಿಗಳನ್ನು ಸಾರ್ವತ್ರಿಕ ನಿಯಮದೊಳಕ್ಕೆ ಸೇರಿಸಿಕೊಂಡೇ ಅವರನ್ನು ಶಿಕ್ಷಾರ್ಹರನ್ನಾಗಿಸುವ ಕ್ರಮವನ್ನು ವಿತೋರಿಯನಲ್ಲಿ ಗುರುತಿಸಿದರು. 2023ರ ಮಾರ್ಚ್‌ನಲ್ಲಿ ವ್ಯಾಟಿಕನ್ 'ಅನ್ವೇಷಣೆಯ ಸಿದ್ಧಾಂತ'ವನ್ನು ಅಧಿಕೃತವಾಗಿ ನಿರಾಕರಿಸಿತು. ಕಂಡುಹಿಡಿದ ಮಾತ್ರಕ್ಕೆ ಒಡೆತನ ಸಿದ್ಧಿಸದೆಂದು ವಿತೋರಿಯ ಪಾಠ ಹೇಳಿ ಆಗಲೇ 484 ವರ್ಷಗಳು ಕಳೆದಿದ್ದವು.

ಈ ಎರಡು ಓದುಗಳಲ್ಲಿ ಒಂದನ್ನಷ್ಟೇ ಆರಿಸಿಕೊಂಡರೆ ವಿತೋರಿಯ ಅಪೂರ್ಣನಾಗುತ್ತಾನೆ. ಹಿಂಸೆಯ ಹೊಣೆಯನ್ನು ಸತ್ತವರಿಂದ ಕೊಂದವರೆಡೆಗೆ ತಿರುಗಿಸಿದವನೂ, ಕೊಲ್ಲಲು ಹೊಸ ಕಾರಣಗಳನ್ನು ಒದಗಿಸಿದವನೂ ಅದೇ ಅಧ್ಯಾಪಕ. ಪ್ರಶ್ನೆ ಕೇಳುವ ತರಗತಿ ತನ್ನ ಉತ್ತರಗಳಿಗೂ ಹೊಣೆಯಾಗಬೇಕೆಂಬುದನ್ನು ಅವನ ಬದುಕು ತೋರಿಸಿಕೊಡುತ್ತದೆ.