ಕತ್ತಲೆಯಲ್ಲಿ ನಿಲ್ಲದ ಪ್ರಾರ್ಥನೆ

ಪ್ರತಿವರ್ಷ ಅಕ್ಟೋಬರ್ 1ರಂದು ಧರ್ಮಸಭೆಯು ಬಾಲಯೇಸುವಿನ ಸಂತ ತೆರೇಸಮ್ಮನವರ ಹಬ್ಬವನ್ನು ಆಚರಿಸುತ್ತದೆ. ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗೊತ್ತಿಕೊಂಡಿರುವ ಅವರ ಚಿತ್ರ ನಮ್ಮ ಕುಟುಂಬಗಳಿಗೆ ಚಿರಪರಿಚಿತ. ಆ ಪ್ರಸನ್ನ ಮುಖವನ್ನು ನೋಡಿದಾಗ ಅವರ ಪ್ರಾರ್ಥನೆಯೆಲ್ಲವೂ ಆನಂದಮಯವಾಗಿತ್ತೆಂದು ನಾವು ಭಾವಿಸುತ್ತೇವೆ. ನಮಗಾದರೋ ಪ್ರಾರ್ಥನೆ ಒಣಗಿದೆ, ಸಂದೇಹಗಳು ಮುತ್ತುತ್ತವೆ ಎಂದು ನಾಚುತ್ತೇವೆ. ಆದರೆ ಈ ಸಂತರ ಬಾಳು ಬೇರೆಯದೇ ಪಾಠವನ್ನು ಹೇಳುತ್ತದೆ.

ತೆರೇಸಮ್ಮನವರು ಫ್ರಾನ್ಸ್ ದೇಶದ ಅಲೆನ್ಸಾನ್ ಪಟ್ಟಣದಲ್ಲಿ 1873ರ ಜನವರಿ 2ರಂದು ಜನಿಸಿದರು. ಲೂಯಿ ಮಾರ್ಟಿನ್ ಮತ್ತು ಝೆಲಿ ದಂಪತಿಗಳ ಒಂಬತ್ತು ಮಕ್ಕಳಲ್ಲಿ ಅವರೇ ಕೊನೆಯವರು. ನಾಲ್ವರು ಎಳವೆಯಲ್ಲಿಯೇ ತೀರಿಕೊಂಡಿದ್ದರು. ಸ್ತನದ ಅರ್ಬುದ ರೋಗದಿಂದ ನರಳುತ್ತಿದ್ದ ತಾಯಿ 1877ರಲ್ಲಿ ಲೂರ್ದು ಕ್ಷೇತ್ರಕ್ಕೆ ಹೋಗಿ ಪ್ರಾರ್ಥಿಸಿದರೂ ಗುಣಹೊಂದದೆ ಹಿಂದಿರುಗಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಮರಣಹೊಂದಿದಾಗ ತೆರೇಸಳಿಗೆ ಕೇವಲ ನಾಲ್ಕು ವರ್ಷ. ಕೇಳಿದ್ದೆಲ್ಲವೂ ದೊರೆಯುವುದಿಲ್ಲವೆಂಬುದನ್ನು ಆ ಮನೆ ಮೊದಲೇ ಅರಿತಿತ್ತು.

ಆದರೂ ಬಾಲಕಿಯ ಪ್ರಾರ್ಥನೆಗೆ ಒಮ್ಮೆ ಸ್ಪಷ್ಟವಾದ ಉತ್ತರ ದೊರಕಿತು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಮೂವರನ್ನು ಕೊಂದ ಪ್ರಾಂಜಿನಿ ಎಂಬುವನಿಗೆ ಮರಣದಂಡನೆ ವಿಧಿಸಲಾಗಿತ್ತು. ಆತನ ಆತ್ಮರಕ್ಷಣೆಗಾಗಿ ಪ್ರಾರ್ಥಿಸಿದ ಹದಿನಾಲ್ಕರ ತೆರೇಸ, ಒಂದು ಗುರುತನ್ನು ದಯಪಾಲಿಸೆಂದು ದೇವರನ್ನು ಬೇಡಿಕೊಂಡಳು. ಪಶ್ಚಾತ್ತಾಪವನ್ನೇ ತೋರದಿದ್ದ ಆತ ಕೊನೆಯ ಗಳಿಗೆಯಲ್ಲಿ ಶಿಲುಬೆಗೆ ಮುತ್ತಿಟ್ಟನೆಂದು ಪತ್ರಿಕೆಯಲ್ಲಿ ಓದಿದಾಗ ಅವಳ ಕಣ್ಣುಗಳು ತುಂಬಿ ಬಂದವು.

1888ರ ಏಪ್ರಿಲ್ 9ರಂದು, ಹದಿನೈದನೆಯ ವಯಸ್ಸಿನಲ್ಲಿ, ಅವರು ಲಿಸಿಯೂ ಪಟ್ಟಣದ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ಅಲ್ಲಿ ಅವರಿಗೆ ಹೆಚ್ಚಾಗಿ ದೊರೆತದ್ದು ಶುಷ್ಕತೆ. ಧ್ಯಾನದ ವೇಳೆ ತೂಕಡಿಕೆ ಬರುತ್ತಿತ್ತು. ಅದಕ್ಕಾಗಿ ಅವರು ಎದೆಗುಂದಲಿಲ್ಲ; ನಿದ್ರಿಸುವ ಮಗುವೂ ತಂದೆತಾಯಿಗಳಿಗೆ ಪ್ರಿಯವೇ ಅಲ್ಲವೇ ಎಂದು ಸಮಾಧಾನ ತಂದುಕೊಂಡರು. 1889ರಲ್ಲಿ ಅಕ್ಕರೆಯ ತಂದೆ ಬುದ್ಧಿಭ್ರಮಣೆಗೊಳಗಾಗಿ ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಸೇರಬೇಕಾಯಿತು.

ಅತ್ಯಂತ ಕಠಿಣವಾದ ಪರೀಕ್ಷೆ 1896ರಲ್ಲಿ ಬಂದಿತು. ಪವಿತ್ರ ಗುರುವಾರದ ರಾತ್ರಿ ಅವರು ರಕ್ತ ಕಾರಿದರು. ಅದು ಕ್ಷಯರೋಗದ ಸೂಚನೆ. ಸ್ವರ್ಗ ಸಮೀಪಿಸಿತೆಂದು ಅವರು ಹರ್ಷಿಸಿದರು. ಆದರೆ ಪಾಸ್ಖ ಹಬ್ಬದ ಆ ದಿನಗಳಲ್ಲಿಯೇ ಅವರ ಆತ್ಮವನ್ನು ದಟ್ಟವಾದ ಕತ್ತಲೆ ಕವಿಯಿತು. ಸ್ವರ್ಗವೆಂಬುದು ಬರಿಯ ಕನಸು, ಮರಣದಾಚೆ ಇನ್ನೂ ಗಾಢವಾದ ಶೂನ್ಯವೇ ಇದೆ ಎಂಬ ವಿಚಾರಗಳು ಅವರನ್ನು ಕಾಡಿದವು. ಈ ಹೋರಾಟ ಕೊನೆಯವರೆಗೂ, ಸುಮಾರು ಹದಿನೆಂಟು ತಿಂಗಳು ನಡೆಯಿತು. ಈ ಸಲ ಯಾವ ಗುರುತೂ ದೊರೆಯಲಿಲ್ಲ.

ಆಗ ಅವರು ಮಾಡಿದ್ದೇನು? ಸಂದೇಹಗಳೊಡನೆ ವಾದಕ್ಕಿಳಿಯದೆ ಯೇಸುವಿನೆಡೆಗೆ ಓಡಿದರು. ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಿಂದಲೇ ಬರೆದು ಎದೆಯ ಮೇಲೆ ಧರಿಸಿಕೊಂಡರು. ತಾವು ಅನುಭವಿಸದಿದ್ದ ಸ್ವರ್ಗಾನಂದವನ್ನು ಕವಿತೆಗಳಲ್ಲಿ ಹಾಡಿದರು, ನಂಬಬಯಸಿದ್ದನ್ನೇ ಹಾಡಿದರು. ಅಷ್ಟೇ ಅಲ್ಲ, ದೇವರನ್ನು ನಂಬಲಾರದವರನ್ನು ಅವರು ದೂಷಿಸಲಿಲ್ಲ. ಅಂಥವರು ನಿಜವಾಗಿಯೂ ಇದ್ದಾರೆಂದು ಮೊದಲು ನಂಬದಿದ್ದ ಅವರು, ಈಗ ಅವರನ್ನು ಸಹೋದರರೆಂದು ಕರೆದು, ಅವರ ಪರವಾಗಿ ಆ ನೋವಿನ ಪಂಕ್ತಿಯಲ್ಲಿ ಕುಳಿತರು. 1897ರ ಸೆಪ್ಟೆಂಬರ್ 30ರಂದು, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅವರು ಮರಣವನ್ನಪ್ಪಿದರು. 1925ರಲ್ಲಿ ಹನ್ನೊಂದನೇ ಭಕ್ತಿನಾಥರು, ಅಂದರೆ ಜಗದ್ಗುರು ಪಿಯುಸ್, ಅವರಿಗೆ ಸಂತ ಪದವಿಯನ್ನು ನೀಡಿದರು. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಲೂರ್ದಿನಿಂದ ಗುಣಹೊಂದದೆ ಮರಳಿದ ಆ ತಾಯಿಯೂ, ಬುದ್ಧಿಭ್ರಮಣೆಗೊಳಗಾದ ಆ ತಂದೆಯೂ 2015ರಲ್ಲಿ ಸಂತರ ಸಾಲಿಗೆ ಸೇರಿದರು.

ಭಾವನೆ ಬೇರೆ, ಸಂಕಲ್ಪ ಬೇರೆ ಎಂಬುದನ್ನು ನಾವು ಗಮನಿಸಬೇಕು. ಭಾವನೆ ನಮ್ಮ ಅಧೀನದಲ್ಲಿಲ್ಲ. ಅದು ಬರುತ್ತದೆ, ಹೋಗುತ್ತದೆ. ವಿಶ್ವಾಸವಾದರೋ ದೇವರ ವರ, ಅದಕ್ಕೆ ನಮ್ಮ ಸಂಕಲ್ಪವು ನೀಡುವ ಸಮ್ಮತಿ. ಆದುದರಿಂದ ತಾನಾಗಿ ನುಗ್ಗಿಬಂದ ಸಂದೇಹ ಪಾಪವಲ್ಲ. ಅದನ್ನು ಹೊತ್ತುಕೊಂಡೇ ಮೊಣಕಾಲೂರುವವರು ವಿಶ್ವಾಸವನ್ನು ಕಳೆದುಕೊಂಡವರಲ್ಲ.

ಪ್ರಿಯ ಕುಟುಂಬಗಳೇ, ರೋಗಿಯ ಹಾಸಿಗೆಯ ಬಳಿ, ಫಲ ಕಾಣದ ಬೇಡಿಕೆಗಳ ನಡುವೆ, ದೇವರು ಮೌನವಾಗಿದ್ದಾರೆಂದು ನಿಮಗೆ ತೋರಬಹುದು. ಆಗ ಸಂಜೆಯ ಜಪವನ್ನು ನಿಲ್ಲಿಸಬೇಡಿರಿ. ಬೇರೆ ಮಾತು ಬಾರದಿದ್ದರೆ ವಿಶ್ವಾಸ ಪ್ರಮಾಣವನ್ನಾದರೂ ನಿಧಾನವಾಗಿ ಹೇಳಿರಿ. ಒಬ್ಬರಿಗೆ ಹೇಳಲಾಗದಿದ್ದಾಗ ಮನೆಯ ಉಳಿದವರು ಅವರ ಪರವಾಗಿ ಹೇಳಲಿ.