ಆತ್ಮಶೋಧನೆಯ ಆಚಾರ್ಯ: ಲೊಯೋಲದ ಸಂತ ಇನ್ನಾಸಿ

ನಮ್ಮ ಕ್ರೈಸ್ತ ಮನೆತನಗಳಲ್ಲಿ ಇನ್ನಾಸಪ್ಪ, ಇನ್ನಾಸಮ್ಮ, ಇನಾಸ್ ಎಂಬ ಹೆಸರುಗಳು ತಲೆಮಾರುಗಳಿಂದ ನಡೆದುಬಂದಿವೆ. ಆ ಹೆಸರಿನ ಲೊಯೋಲದ ಸಂತ ಇನ್ನಾಸಿಯವರ ಹಬ್ಬವನ್ನು ಪವಿತ್ರ ಧರ್ಮಸಭೆಯು ಪ್ರತಿವರ್ಷ ಜುಲೈ 31ರಂದು ಆಚರಿಸುತ್ತದೆ. ಅವರು ಯೇಸುಸಭೆಯ ಸ್ಥಾಪಕರೆಂಬುದನ್ನೂ ಸಂತ ಫ್ರಾನ್ಸಿಸ್ ಝೇವಿಯರರ ಆತ್ಮೀಯ ಸಂಗಾತಿಯೆಂಬುದನ್ನೂ ನಾವೆಲ್ಲರೂ ಬಲ್ಲೆವು. ಆದರೆ ಅವರ ಹಿರಿಮೆಯ ಬೇರು ಎಲ್ಲಿತ್ತೆಂಬುದನ್ನು ಅಷ್ಟಾಗಿ ವಿಚಾರಿಸಿದವರಲ್ಲ. ದಿನದಿನವೂ ಅಂತರಂಗವನ್ನು ದೇವರ ಸನ್ನಿಧಿಯಲ್ಲಿ ತೆರೆದಿಟ್ಟು, ಕಂಡದ್ದನ್ನು ಮರೆಮಾಚದೆ ಒಪ್ಪಿಕೊಂಡು, ಮರುದಿನ ಸ್ವಲ್ಪವಾದರೂ ತಿದ್ದಿಕೊಳ್ಳುವ ಅಭ್ಯಾಸವೇ ಆ ಬೇರು. ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿ, ನಡೆದುಬಂದ ದಾರಿಯನ್ನು ತಿರುಗಿ ನೋಡುತ್ತಿರುವ ಈ ಶುಭವೇಳೆಯಲ್ಲಿ ಈ ಸಂತರ ಬಾಳನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಸ್ಪೇನ್ ದೇಶದ ಉತ್ತರದಲ್ಲಿರುವ ಬಾಸ್ಕ್ ನಾಡಿನ ಲೊಯೋಲದಲ್ಲಿ, ಕುಲೀನ ಮನೆತನವೊಂದರ ಕಿರಿಯ ಮಗನಾಗಿ ಅವರು 1491ರಲ್ಲಿ ಜನಿಸಿದರು. ಜ್ಞಾನಸ್ನಾನದಲ್ಲಿ ಪಡೆದ ಹೆಸರು ಇನಿಗೊ. ರಾಜ್ಯದ ಭಂಡಾರಾಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದ ಆ ತರುಣನಿಗೆ ಬೆಲೆಬಾಳುವ ಉಡುಪು, ಕತ್ತಿವರಸೆ, ಜೂಜು, ಸ್ತ್ರೀಯರ ಮೆಚ್ಚುಗೆ ಇವೇ ಬದುಕಾಗಿದ್ದವು. ಲೋಕದ ಕೀರ್ತಿಯನ್ನು ಗಳಿಸಬೇಕೆಂಬ ಹಂಬಲ ಎಲ್ಲಕ್ಕಿಂತ ಮಿಗಿಲಾಗಿತ್ತು. 1521ರ ಮೇ 20ರಂದು ಪಾಂಪ್ಲೋನದ ಕೋಟೆಯನ್ನು ಫ್ರೆಂಚರ ವಿರುದ್ಧ ಕಾಯುತ್ತಿದ್ದಾಗ ಫಿರಂಗಿಯ ಗುಂಡು ಬಡಿದು ಅವರ ಬಲಗಾಲು ಮುರಿಯಿತು; ಎಡಗಾಲಿಗೂ ಪೆಟ್ಟಾಯಿತು. ಗೆದ್ದ ಶತ್ರುಗಳೇ ಅವರನ್ನು ಉಪಚರಿಸಿ ಊರಿಗೆ ಕಳುಹಿಸಿಕೊಟ್ಟರು.

ಆ ಗುಂಡೇ ಇನಿಗೊನನ್ನು ಸಂತನನ್ನಾಗಿ ಮಾಡಿತೆಂದು ನಾವು ಹೇಳುವುದುಂಟು. ನಡೆದದ್ದು ಹಾಗಲ್ಲ. ಮುರಿದ ಮೂಳೆ ಕೂಡಿದಾಗ ಮಂಡಿಯ ಕೆಳಗೆ ಅದರ ತುಂಡೊಂದು ಉಬ್ಬಿ ನಿಂತಿತು. ಅಂದವಾದ ಬಿಗಿ ಬೂಟು ತೊಡಲು ಅದು ಅಡ್ಡಿಯೆಂಬ ಒಂದೇ ಕಾರಣಕ್ಕಾಗಿ, ಅರಿವಳಿಕೆಯ ಔಷಧವಿಲ್ಲದ ಆ ಕಾಲದಲ್ಲಿ, ಅವರು ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಮೃತ್ಯುವಿನ ಬಾಗಿಲನ್ನು ಮುಟ್ಟಿ ಬಂದ ಮೇಲೂ ಅವರ ಒಣಹೆಮ್ಮೆ ಮುರಿದಿರಲಿಲ್ಲ.

ಬದಲಾವಣೆ ಬಂದದ್ದು ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ, ಸದ್ದಿಲ್ಲದೆ. ಹೊತ್ತು ಕಳೆಯಲು ಅವರು ವೀರಯೋಧರ ಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ದೊರೆತದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ಓದುವುದು, ನಿಲ್ಲಿಸಿ ಕನಸು ಕಾಣುವುದು ಹೀಗೆ ದಿನಗಳು ಸಾಗಿದವು. ಒಮ್ಮೆ ತಾವು ಮೆಚ್ಚಿದ ಕುಲೀನ ಸ್ತ್ರೀಯ ಸೇವೆಯಲ್ಲಿ ಮಾಡಬಹುದಾದ ಸಾಹಸಗಳ ಕನಸು. ಇನ್ನೊಮ್ಮೆ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಬಾಳುವ ಕನಸು. ಎರಡೂ ಆ ಹೊತ್ತಿಗೆ ಸಿಹಿಯಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಬಹುದಿನ ಇದನ್ನು ಲಕ್ಷಿಸದಿದ್ದ ಅವರು ಒಂದು ದಿನ ಈ ವ್ಯತ್ಯಾಸವನ್ನು ಕಂಡು ಬೆರಗಾದರು. ಯಾವ ಆಲೋಚನೆ ದೇವರಿಂದ, ಯಾವುದು ದುಷ್ಟಾತ್ಮದಿಂದ ಎಂಬ ವಿವೇಚನೆಗೆ ಅಲ್ಲಿ ಮೊದಲಾಯಿತು.

ಹೃದಯ ತಿರುಗಿದೊಡನೆ ಸ್ವಭಾವ ತಿರುಗಲಿಲ್ಲ. 1522ರಲ್ಲಿ ಹೇಸರಗತ್ತೆಯನ್ನೇರಿ ಮೊನ್‌ಸೆರಾತ್ ಪುಣ್ಯಕ್ಷೇತ್ರಕ್ಕೆ ಹೊರಟಾಗ, ದಾರಿಯಲ್ಲಿ ಜೊತೆಯಾದ ಮುಸ್ಲಿಮ್ ಪಯಣಿಗರೊಬ್ಬರು ಮಾತೆ ಮರಿಯಳ ನಿತ್ಯಕನ್ಯತ್ವವನ್ನು ಒಪ್ಪದೆ ವಾದಿಸಿ ಮುಂದೆ ಹೋದರು. ಅವರನ್ನು ಬೆನ್ನಟ್ಟಿ ಕಠಾರಿಯಿಂದ ಇರಿಯಬೇಕೇ ಬೇಡವೇ ಎಂದು ಇನಿಗೊ ತೊಳಲಾಡಿದರು. ತೀರ್ಮಾನಿಸಲಾರದೆ, ಕವಲುದಾರಿಯಲ್ಲಿ ಲಗಾಮು ಸಡಿಲಿಸಿ ಹೇಸರಗತ್ತೆಗೇ ಬಿಟ್ಟುಕೊಟ್ಟರು. ಅದು ಬೇರೆ ದಾರಿ ಹಿಡಿಯಿತು. ಒಂದು ಪ್ರಾಣ ಉಳಿಯಿತು. ಮೊನ್‌ಸೆರಾತ್‌ನಲ್ಲಿ ಅವರು ಬಾಳಿನ ಪಾಪಗಳನ್ನೆಲ್ಲ ಬರೆದು ಮೂರು ದಿನ ಪಾಪನಿವೇದನೆ ಮಾಡಿದರು. ಖಡ್ಗವನ್ನೂ ಕಠಾರಿಯನ್ನೂ ಅಲ್ಲಿಯೇ ಒಪ್ಪಿಸಿ, ಸೊಗಸಾದ ಉಡುಪನ್ನು ಬಡವನೊಬ್ಬನಿಗೆ ಕೊಟ್ಟರು. ಕದ್ದ ಬಟ್ಟೆಯೆಂಬ ಅನುಮಾನದಿಂದ ಆ ಬಡವನು ತೊಂದರೆಗೊಳಗಾದ ಸುದ್ದಿ ತಿಳಿದಾಗ ಅವರು ಕಣ್ಣೀರು ಸುರಿಸಿದರು. ಯೋಚನೆಯಿಲ್ಲದ ಔದಾರ್ಯವೂ ಇನ್ನೊಬ್ಬರಿಗೆ ಭಾರವಾಗಬಹುದೆಂದು ಅವರಿಗೆ ಆಗ ಮನವರಿಕೆಯಾಯಿತು.

ಅಲ್ಲಿಂದ ಮನ್ರೇಸ ಪಟ್ಟಣಕ್ಕೆ ಬಂದು ಸುಮಾರು ಹನ್ನೊಂದು ತಿಂಗಳು ನಿಂತರು. ಭಿಕ್ಷೆ ಬೇಡುತ್ತ, ದಿನಕ್ಕೆ ಏಳು ಗಂಟೆ ಮಂಡಿಯೂರಿ ಪ್ರಾರ್ಥಿಸುತ್ತ, ಹಿಂದಿನ ಶೃಂಗಾರಕ್ಕೆ ಪ್ರಾಯಶ್ಚಿತ್ತವೆಂದು ಕೂದಲನ್ನೂ ಉಗುರನ್ನೂ ಬೆಳೆಯಬಿಟ್ಟರು. ಅಲ್ಲಿಯೇ ಅವರ ಬಾಳಿನ ಅತ್ಯಂತ ಕಠಿಣ ಪರೀಕ್ಷೆ ಎದುರಾಯಿತು. ನಿವೇದಿಸಿದ ಪಾಪಗಳು ಪೂರ್ಣವಾಗಿ ನಿವೇದಿತವಾದವೇ ಎಂಬ ಸಂಶಯ ಹಗಲಿರುಳು ಕಾಡಿತು. ಪಾಪನಿವೇದನೆ ಮಾಡಿದಷ್ಟೂ ಸಂಶಯ ಹೆಚ್ಚಿತು. ಒಂದು ವಾರ ಅನ್ನನೀರು ಬಿಟ್ಟರೂ ಶಾಂತಿ ದೊರೆಯಲಿಲ್ಲ. ಪ್ರಾಣವನ್ನೇ ಕಳೆದುಕೊಳ್ಳುವ ಪ್ರೇರಣೆಯೂ ಬಂತು. ಉಪವಾಸ ಮುರಿಯುವಂತೆ ಧರ್ಮಗುರುಗಳು ಆಜ್ಞಾಪಿಸಿದಾಗ ಅವರು ವಿಧೇಯರಾದರು. ಕೊನೆಗೆ, ಈ ಸಂಶಯಗಳು ತಮ್ಮನ್ನು ಎಲ್ಲಿಗೆ ಒಯ್ಯುತ್ತಿವೆಯೆಂದು ಪರೀಕ್ಷಿಸಿ, ಅವು ಕರುಣಾಮಯ ದೇವರಿಂದ ಬಂದವಲ್ಲವೆಂದು ನಿರ್ಧರಿಸಿದರು. ಕ್ಷಮಿಸಲ್ಪಟ್ಟ ಹಳೆಯ ಪಾಪಗಳನ್ನು ಮತ್ತೆ ಕೆದಕುವುದನ್ನು ಬಿಟ್ಟುಬಿಟ್ಟರು. ಕೂದಲನ್ನೂ ಉಗುರನ್ನೂ ಕತ್ತರಿಸಿಕೊಂಡರು.

ಈ ಪ್ರಸಂಗವನ್ನು ನಾವು ವಿಶೇಷವಾಗಿ ಗಮನಿಸಬೇಕು. ತನ್ನನ್ನು ತಾನು ನೋಡಿಕೊಳ್ಳುವುದು ಬೇರೆ, ತನ್ನನ್ನು ತಾನು ಹಿಂಸಿಸಿಕೊಳ್ಳುವುದು ಬೇರೆ. ತಪ್ಪನ್ನು ಬಚ್ಚಿಡುವವನು ದೇವರ ನ್ಯಾಯವನ್ನು ಮರೆಯುತ್ತಾನೆ. ತಪ್ಪನ್ನು ಬಿಡದೆ ಕೆದಕುವವನು ದೇವರ ಕರುಣೆಯನ್ನು ಮರೆಯುತ್ತಾನೆ. ಇನ್ನಾಸಿಯವರು ಎರಡನ್ನೂ ಅನುಭವಿಸಿ ದಾಟಿದವರು. ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದ ಮೂಲ ಈ ಮನ್ರೇಸದ ಅನುಭವದಲ್ಲಿಯೇ ಇದೆ. ಜಗದ್ಗುರು ಮೂರನೆಯ ಪೌಲರು 1548ರಲ್ಲಿ ಅದಕ್ಕೆ ಮನ್ನಣೆಯಿತ್ತರು.

1523ರಲ್ಲಿ ಪವಿತ್ರ ನಾಡಿಗೆ ಯಾತ್ರೆ ಹೋಗಿ, ಅಲ್ಲಿಯೇ ನೆಲೆಸಲು ಅನುಮತಿ ದೊರೆಯದೆ ಹಿಂದಿರುಗಿದ ಅವರು, ಆತ್ಮಗಳಿಗೆ ನೆರವಾಗಲು ವಿದ್ಯೆ ಬೇಕೆಂದು ಅರಿತು, ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸೆಲೋನದಲ್ಲಿ ಲ್ಯಾಟಿನ್ ಕಲಿಯತೊಡಗಿದರು. ಪಾಠ ಬಾಯಿಪಾಠ ಮಾಡುವಾಗಲೆಲ್ಲ ಭಕ್ತಿಭಾವಗಳು ಉಕ್ಕಿ ಬರುತ್ತಿದ್ದವು. ಪ್ರಾರ್ಥನೆಯಲ್ಲಿಯೂ ಪೂಜೆಯಲ್ಲಿಯೂ ಬಾರದ ಇವು ಪಾಠದ ಹೊತ್ತಿಗೇ ಏಕೆ ಬರುತ್ತವೆಂದು ವಿಚಾರಿಸಿದಾಗ, ಭಕ್ತಿಯ ವೇಷದ ಶೋಧನೆ ಇದೆಂದು ತಿಳಿಯಿತು. ಕೂಡಲೇ ಉಪಾಧ್ಯಾಯರ ಬಳಿ ಇದನ್ನು ಒಪ್ಪಿಕೊಂಡು, ಇನ್ನು ಮುಂದೆ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಕರ್ತವ್ಯದಿಂದ ನುಣುಚಿಕೊಳ್ಳಲು ನಾವೂ ಎಷ್ಟು ಸಲ ಒಳ್ಳೆಯ ನೆಪಗಳನ್ನೇ ಆರಿಸಿಕೊಳ್ಳುತ್ತೇವಲ್ಲವೇ?

ಮುಂದಿನ ಕಥೆ ಸುಪರಿಚಿತ. 1528ರಲ್ಲಿ ಪ್ಯಾರಿಸ್ ಸೇರಿದರು. ಅಲ್ಲಿ ಪೀಟರ್ ಫೇಬರ್, ಫ್ರಾನ್ಸಿಸ್ ಝೇವಿಯರ್ ಮುಂತಾದವರು ಜೊತೆಗೂಡಿದರು. 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಏಳು ಮಂದಿ ವ್ರತ ಕೈಗೊಂಡರು. 1537ರಲ್ಲಿ ಇನ್ನಾಸಿಯವರಿಗೆ ಯಾಜಕ ದೀಕ್ಷೆಯಾಯಿತು. 1540ರ ಸೆಪ್ಟೆಂಬರ್ 27ರಂದು ಯೇಸುಸಭೆಗೆ ಜಗದ್ಗುರುಗಳ ಅಂಗೀಕಾರ ದೊರೆಯಿತು. 1541ರಲ್ಲಿ ಸಂಗಾತಿಗಳು ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು.

ಅವರು ಕಲಿಸಿದ ಆತ್ಮಶೋಧನೆ ಬಹು ಸರಳ. ಮೊದಲು ದೇವರ ಉಪಕಾರಗಳಿಗೆ ವಂದನೆ. ಬಳಿಕ ತಪ್ಪನ್ನು ಅರಿಯಲು ಕೃಪೆಯ ಯಾಚನೆ. ಆಮೇಲೆ ಎದ್ದಂದಿನಿಂದ ಈವರೆಗಿನ ಆಲೋಚನೆ, ಮಾತು, ಕ್ರಿಯೆಗಳ ಪರಿಶೀಲನೆ. ಅನಂತರ ಕ್ಷಮೆಯ ಬೇಡಿಕೆ. ಕೊನೆಗೆ ತಿದ್ದಿಕೊಳ್ಳುವ ಸಂಕಲ್ಪ. ವಂದನೆ ಮೊದಲು ಬರುತ್ತದೆಂಬುದನ್ನು ಗಮನಿಸಿರಿ. ಬೇರೂರಿದ ಒಂದೊಂದು ದೋಷವನ್ನು ಕೀಳಲು ಇನ್ನೊಂದು ವಿಧಾನವನ್ನೂ ಹೇಳಿದರು. ದಿನಕ್ಕೆ ಎರಡು ಗೆರೆ ಎಳೆದು, ಮಧ್ಯಾಹ್ನದವರೆಗೆ ಎಷ್ಟು ಸಲ ಎಡವಿದೆವು, ರಾತ್ರಿಯವರೆಗೆ ಎಷ್ಟು ಸಲ ಎಂದು ಚುಕ್ಕೆಗಳನ್ನಿಟ್ಟು, ಇಂದನ್ನು ನಿನ್ನೆಯೊಡನೆ, ಈ ವಾರವನ್ನು ಹಿಂದಿನ ವಾರದೊಡನೆ ಹೋಲಿಸುವುದು ಅದರ ಕ್ರಮ. ಅಂಗಡಿಯವನು ರಾತ್ರಿ ಲೆಕ್ಕ ನೋಡುವಷ್ಟೇ ಸಹಜವಾದ ಕೆಲಸವಿದು. ಇತರರ ತಪ್ಪಿಗೆ ಆ ಪುಟದಲ್ಲಿ ಜಾಗವಿಲ್ಲ.

ಮುಪ್ಪಿನಲ್ಲಿಯೂ ಇನ್ನಾಸಿಯವರಿಗೆ ಈ ಅಭ್ಯಾಸ ಬೇಕಾಯಿತು. 1555ರಲ್ಲಿ, ತಮ್ಮೊಡನೆ ಹಿಂದೆ ಭಿನ್ನಾಭಿಪ್ರಾಯವಿದ್ದವರು ನಾಲ್ಕನೆಯ ಪೌಲರೆಂಬ ಹೆಸರಿನಲ್ಲಿ ಜಗದ್ಗುರುಗಳಾದರೆಂದು ಕೇಳಿದಾಗ ಅವರ ಮುಖ ಕಳೆಗುಂದಿತು, ಮೈ ನಡುಗಿತು. ಪ್ರಾರ್ಥನಾಮಂದಿರಕ್ಕೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಪ್ರಸನ್ನರಾಗಿ ಹೊರಬಂದರು. ತಮ್ಮ ಜೀವನವನ್ನು ಸಹೋದರ ಯಾಜಕರೊಬ್ಬರಿಗೆ ನಿರೂಪಿಸಿದಾಗ ಬೂಟಿನ ಹುಚ್ಚನ್ನೂ ಕಠಾರಿಯ ಪ್ರಸಂಗವನ್ನೂ ಮುಚ್ಚಿಡಲಿಲ್ಲ. 1556ರ ಜುಲೈ 31ರಂದು ರೋಮಿನಲ್ಲಿ ದೈವಾಧೀನರಾದರು. 1622ರಲ್ಲಿ, ಝೇವಿಯರರೊಡನೆ, ಸಂತಪದವಿಗೇರಿದರು.

ಅವರ ಶಿಷ್ಯವರ್ಗದವರು ಹದಿನೇಳನೆಯ ಶತಮಾನದಲ್ಲಿಯೇ ಶ್ರೀರಂಗಪಟ್ಟಣದವರೆಗೆ ಬಂದು ಕನ್ನಡ ಕಲಿತು ಶುಭಸಂದೇಶ ಸಾರಿದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಯೇಸುಸಭೆಯವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು.

ಶತಮಾನೋತ್ಸವದಲ್ಲಿ ನಾವು ಕಟ್ಟಡದ ಬಿರುಕುಗಳನ್ನು ಮುಚ್ಚಿದ್ದೇವೆ, ಗೋಡೆಗಳಿಗೆ ಬಣ್ಣ ಬಳಿದಿದ್ದೇವೆ. ಮನೆಯೊಳಗಿನ ಮನಸ್ತಾಪ, ನೆರೆಯವರೊಡನೆ ಬಿಟ್ಟ ಮಾತು, ಅಭ್ಯಾಸದ ಬಲದಿಂದ ಒಪ್ಪಿಸುವ ಪಾಪನಿವೇದನೆ ಇವುಗಳ ಕಡೆಗೂ ನೋಡಿದ್ದೇವೆಯೇ? ರಾತ್ರಿಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮೌನವಾಗಿ ಕುಳಿತು ಆ ದಿನವನ್ನು ದೇವರ ಮುಂದೆ ಬಿಚ್ಚಿಟ್ಟರೆ ಸಾಕು, ಆರಂಭವಾಗುತ್ತದೆ. ಆ ಹತ್ತು ನಿಮಿಷದ ಧೈರ್ಯ ನಮ್ಮ ಕುಟುಂಬಗಳಿಗೆಲ್ಲ ದೊರೆಯುವಂತೆ ಸಂತ ಇನ್ನಾಸಿಯವರು ನಮಗಾಗಿ ದೇವರಲ್ಲಿ ಬಿನ್ನವಿಸಲಿ.